ನಕ್ಷತ್ರ, ಗ್ರಹ ಗುರುತಿಸಿ ದಾರಿ ಹಿಡಿಯೋದು: ದುರ್ಗ, ದಾವಣಗೆರೆ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಡಗಿನಲ್ಲಿ ಡೆಕ್ ಆಫೀಸರ್ ಆಗಿದ್ದವನು. ಈಗ ಚಿತ್ರದುರ್ಗದಲ್ಲೇ ಇದ್ದೇನೆ. ಸಂಜೆ ಹೊತ್ತು ನಮ್ಮ ಮನೆ ತಾರಸಿಗೆ ಯಾರ್ಯಾರೋ ಬರುತ್ತಾರೆ. ಮರ್ಚೆಂಟ್ ನೇವಿ ಸೇರಬೇಕು ಅನ್ನೋ ಹುಡುಗರು, ಹೈಸ್ಕೂಲ್ ಮಕ್ಕಳು, ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು, ದಾವಣಗೆರೆಯಿಂದ ಬೈಕಿನಲ್ಲಿ ಬರೋ ಇಬ್ಬರು ಇಂಜಿನಿಯರಿಂಗ್ ಹುಡುಗಿಯರು. ಕೇಳೋ ಪ್ರಶ್ನೆಗಳು ಹೆಚ್ಚೂಕಮ್ಮಿ ಅವೇ. ಪ್ರತಿಸಲ ಹೇಳಿ ಗಂಟಲು ಒಣಗಿಸಿಕೊಳ್ಳೋ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ.

ಸಮುದ್ರವೇ ಇಲ್ಲದ ಊರಲ್ಲಿ ಕೂತು ಇದನ್ನು ಕಲಿಯೋದು ಯಾಕೆ?

ನಕ್ಷತ್ರ ಕಲಿಯೋಕೆ ಸಮುದ್ರ ಬೇಕಾಗಿಲ್ಲ, ಆಕಾಶ ಬೇಕು. ಅದು ನಮ್ಮಲ್ಲಿ ಧಾರಾಳ. ಮಲೆನಾಡಿನವರ ಹಾಗೆ ನಾವು ಆರು ತಿಂಗಳು ಮೋಡದ ಕೆಳಗೆ ಕೂರಲ್ಲ. ದೀಪಾವಳಿ ಕಳೆದ ಮೇಲೆ ಯುಗಾದಿವರೆಗೆ ಎಷ್ಟೋ ರಾತ್ರಿ ಒಂದು ಚೂರೂ ಮೋಡ ಇರಲ್ಲ. ಮಳೆ ಕಮ್ಮಿ ಅಂತ ಬೈಸಿಕೊಳ್ಳೋ ಜಿಲ್ಲೆಗೆ ಇದೊಂದು ಲಾಭ.

ಇನ್ನೊಂದು ಕಾರಣ. ಹಡಗು ಎಲ್ಲಿದೆ ಅಂತ ತಿಳಿಯಲು ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿದೆ ಅಂತ ಅಳೆಯೋಕೆ ಸಿಗೋದು ಸಂಜೆ ಇಪ್ಪತ್ತು ನಿಮಿಷ, ಬೆಳಗಿನ ಜಾವ ಇಪ್ಪತ್ತು ನಿಮಿಷ. ಡೆಕ್ ಅಲ್ಲಾಡುತ್ತಿರುತ್ತದೆ, ಗಾಳಿ ಕಣ್ಣಿಗೆ ನೀರು ತರಿಸುತ್ತದೆ, ಹಿಂದೆ ಚೀಫ್ ಆಫೀಸರ್ ನಿಂತಿರುತ್ತಾರೆ. ಅಲ್ಲಿ ನಿಂತು ‘ಇದು ಯಾವುದು ಸಾರ್’ ಅನ್ನೋಕಾಗಲ್ಲ. ಗುರುತು ಹಿಡಿಯೋದನ್ನು ಊರಲ್ಲೇ ಕಲಿತು ಹೋಗಬೇಕು.

ಜಿಪಿಎಸ್ ಇರುವಾಗ ಇದೆಲ್ಲ ಬೇಕಾ?

ಬೇಕು. ಜಿಪಿಎಸ್ ಸಿಗ್ನಲ್ ಬಹಳ ದುರ್ಬಲ, ಅದನ್ನು ಅಡ್ಡಗಟ್ಟಬಹುದು, ಸುಳ್ಳು ಸಿಗ್ನಲ್ ಕೊಟ್ಟು ದಾರಿ ತಪ್ಪಿಸಲೂಬಹುದು. ಹಡಗಿನ ಡೆಕ್ ಆಫೀಸರ್‌ಗಳಿಗೆ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಇವತ್ತಿಗೂ ಇದು ಕಡ್ಡಾಯ ವಿಷಯ. ಅಮೆರಿಕದ ನೌಕಾ ಅಕಾಡೆಮಿ ಒಂದು ಕಾಲಕ್ಕೆ ಈ ಪಾಠ ಕೈಬಿಟ್ಟಿತ್ತು, 2015ರಲ್ಲಿ ಮತ್ತೆ ಶುರು ಮಾಡಿತು. ಅಷ್ಟು ಸಾಕಲ್ವಾ?

ಒಟ್ಟು ಎಷ್ಟು ನಕ್ಷತ್ರ ಕಲಿಯಬೇಕು?

ನಾಟಿಕಲ್ ಅಲ್ಮನಾಕ್ ಅಂದರೆ ನಾವಿಕರ ಪಂಚಾಂಗ. ಅದರ ದಿನದ ಪುಟದಲ್ಲಿ 57 ನಕ್ಷತ್ರ ಕೊಟ್ಟಿರುತ್ತಾರೆ, ಧ್ರುವಕ್ಕೆ ಬೇರೆಯೇ ಕೋಷ್ಟಕ. ಜೊತೆಗೆ ನಾಲ್ಕು ಗ್ರಹ: ಶುಕ್ರ, ಮಂಗಳ, ಗುರು, ಶನಿ. ಬುಧ ಸೂರ್ಯನ ಸೆರಗು ಬಿಡಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ.

57 ಅಂತ ಕೇಳಿ ಹೆದರಬೇಡಿ. ಹದಿನೈದು ಚೆನ್ನಾಗಿ ಗೊತ್ತಿದ್ದರೆ ಯಾವ ರಾತ್ರಿಯಾದರೂ ಕೆಲಸ ನಡೆಯುತ್ತದೆ. ಆ ಹದಿನೈದರಲ್ಲಿ ಹೆಚ್ಚಿನವು ನಿಮ್ಮ ಅಜ್ಜಿಗೆ ಹೆಸರಿನಿಂದ ಗೊತ್ತು.

ಅಜ್ಜಿಗೆ ಗೊತ್ತಿರೋ ಹೆಸರು ಹಡಗಿನಲ್ಲಿ ನಡೆಯುತ್ತಾ?

ಹೆಸರು ನಡೆಯಲ್ಲ, ಗುರುತು ನಡೆಯುತ್ತದೆ. ರೋಹಿಣಿಯೇ ಅಲ್ಲಿ ಆಲ್ಡೆಬರಾನ್. ಆರಿದ್ರೆ ಅಂದರೆ ಬೆಟೆಲ್‌ಗ್ಯೂಸ್. ಮಘೆ ರೆಗ್ಯುಲಸ್, ಉತ್ತರೆ ಡೆನೆಬೋಲಾ, ಚಿತ್ತೆ ಸ್ಪೈಕಾ, ಸ್ವಾತಿ ಆರ್ಕ್‌ಟ್ಯೂರಸ್, ಜ್ಯೇಷ್ಠೆ ಅಂಟಾರಿಸ್, ಶ್ರವಣ ಆಲ್ಟೇರ್. ಅಭಿಜಿತ್ ಅಂದರೆ ವೇಗಾ. ಲುಬ್ಧಕ ಸಿರಿಯಸ್, ಅಗಸ್ತ್ಯ ಕ್ಯಾನೋಪಸ್, ಬ್ರಹ್ಮಹೃದಯ ಕ್ಯಾಪೆಲಾ. ಇವೆಲ್ಲ ಆ 57ರ ಪಟ್ಟಿಯಲ್ಲಿವೆ. ಪುನರ್ವಸು ಜೋಡಿಯಲ್ಲಿ ಮಾತ್ರ ಒಂದೇ ಇದೆ, ಪೊಲಕ್ಸ್. ಅದರಿಂದ ನಾನು ಪಟ್ಟ ಪಾಡು ಮುಂದೆ ಹೇಳುತ್ತೇನೆ.

ಮಕ್ಕಳಿಗೆ ನಾನು ಮೊದಲು ನಮ್ಮ ಹೆಸರೇ ಹೇಳಿಕೊಡೋದು. ಅರಬ್ಬಿ, ಲ್ಯಾಟಿನ್ ಹೆಸರು ಪರೀಕ್ಷೆ ಹತ್ತಿರ ಬಂದಾಗ ಬಾಯಿಪಾಠ ಮಾಡಿದರೂ ಆಯಿತು.

ರೋಹಿಣಿ ಮಳೆ ಬರೋ ಕಾಲಕ್ಕೆ ಆಕಾಶದಲ್ಲಿ ರೋಹಿಣಿ ಹುಡುಕಿದರೆ ಸಿಗಲ್ಲವಲ್ಲ?

ಜಗಳೂರು ಕಡೆಯ ರೈತರೊಬ್ಬರು ಕೇಳಿದ ಪ್ರಶ್ನೆ ಇದು. ನನಗೆ ಬಂದ ಪ್ರಶ್ನೆಗಳಲ್ಲೇ ಒಳ್ಳೆಯದು.

ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ ಅಂತೀವಲ್ಲ, ಆ ಮಳೆ ಮೇ 25ರ ಆಸುಪಾಸು ಹುಟ್ಟುತ್ತದೆ. ಹುಟ್ಟೋದು ಅಂದರೆ ಏನು? ಸೂರ್ಯ ರೋಹಿಣಿ ನಕ್ಷತ್ರದ ಪಾಲಿನ ಜಾಗಕ್ಕೆ ಕಾಲಿಡುತ್ತಾನೆ. ವರ್ಷದ ದಾರಿಯನ್ನು 27 ನಕ್ಷತ್ರಕ್ಕೆ ಹಂಚಿದರೆ ಒಂದೊಂದಕ್ಕೆ ಹದಿಮೂರು, ಹದಿನಾಲ್ಕು ದಿನ. ಆ ದಿನಗಳಲ್ಲಿ ಸೂರ್ಯ ರೋಹಿಣಿಯ ಅಕ್ಕಪಕ್ಕದಲ್ಲೇ ಇರುತ್ತಾನೆ. ಅವನ ಜೊತೆಗೇ ಅದು ಹುಟ್ಟುತ್ತದೆ, ಅವನ ಜೊತೆಗೇ ಮುಳುಗುತ್ತದೆ. ಹಗಲಿಡೀ ನೆತ್ತಿ ಮೇಲೆ ಹಾದುಹೋದರೂ ಕಾಣಲ್ಲ.

ಹಾಗಾಗಿ ಸುಲಭದ ಲೆಕ್ಕ ಏನೆಂದರೆ, ಮಳೆಯಿಂದ ಆರು ತಿಂಗಳು ಮುಂದೆ ಹೋಗಿ. ರೋಹಿಣಿ ನೋಡಬೇಕಾದರೆ ನವೆಂಬರ್ ಕೊನೆ, ಡಿಸೆಂಬರ್. ಸಂಜೆ ಪೂರ್ವದಲ್ಲಿ ಕೆಂಪಗೆ ಹುಟ್ಟಿ ಬೆಳಗಿನವರೆಗೂ ಇರುತ್ತದೆ. ಮಘೆ ಮಳೆ ಆಗಸ್ಟ್‌ನಲ್ಲಿ, ಮಘೆ ನಕ್ಷತ್ರ ರಾತ್ರಿಯಿಡೀ ಕಾಣೋದು ಫೆಬ್ರವರಿಯಲ್ಲಿ. ಮಳೆ ಲೆಕ್ಕ ಬಾಯಲ್ಲಿರುವ ರೈತನಿಗೆ ಯಾವ ತಿಂಗಳು ಯಾವ ನಕ್ಷತ್ರ ಅಂತ ಪುಸ್ತಕ ನೋಡಬೇಕಾಗಿಲ್ಲ.

ಗ್ರಹ ಯಾವುದು, ನಕ್ಷತ್ರ ಯಾವುದು ಅಂತ ಹೇಗೆ ತಿಳಿಯೋದು?

ಮಿನುಗಿದರೆ ನಕ್ಷತ್ರ, ಮಿನುಗದಿದ್ದರೆ ಗ್ರಹ ಅಂತ ಶಾಲೆಯಲ್ಲಿ ಹೇಳುತ್ತಾರೆ. ಸುಳ್ಳಲ್ಲ. ನಕ್ಷತ್ರ ಬರೀ ಚುಕ್ಕಿ, ಗಾಳಿ ಅದರ ಬೆಳಕನ್ನು ಅಲ್ಲಾಡಿಸುತ್ತದೆ. ಗ್ರಹಕ್ಕೆ ಸ್ವಲ್ಪ ಅಗಲ ಇದೆ, ಅಷ್ಟು ಅಲ್ಲಾಡಲ್ಲ. ಆದರೆ ದಿಗಂತದ ಹತ್ತಿರ ದಪ್ಪ ಗಾಳಿಯಲ್ಲಿ ಗ್ರಹವೂ ಮಿನುಗುತ್ತದೆ. ಅದೊಂದನ್ನೇ ನಂಬಬೇಡಿ.

ನಾನು ನಂಬೋದು ರಸ್ತೆಯನ್ನು. ಗ್ರಹಗಳಿಗೆ ಆಕಾಶದಲ್ಲಿ ಒಂದೇ ರೂಟ್, ಸೂರ್ಯ ಹೋಗುವ ದಾರಿ. ಅದರಲ್ಲಿ ಐದು ಸ್ಟಾಪು ನೆನಪಿಡಿ: ರೋಹಿಣಿ, ಪುನರ್ವಸು, ಮಘೆ, ಚಿತ್ತೆ, ಜ್ಯೇಷ್ಠೆ. ಈ ರೂಟಿನಲ್ಲಿ ನಕ್ಷೆಯಲ್ಲಿಲ್ಲದ ಹೊಳೆಯೋ ಚುಕ್ಕಿ ಕಂಡರೆ ಅದು ಗ್ರಹ. ರೂಟ್ ಬಿಟ್ಟು ಎಷ್ಟೇ ಹೊಳೆದರೂ ಗ್ರಹ ಅಲ್ಲ. ಲುಬ್ಧಕ ನಕ್ಷತ್ರಗಳಲ್ಲೆಲ್ಲ ಹೆಚ್ಚು ಹೊಳೆಯುತ್ತದೆ, ಆದರೆ ಈ ರಸ್ತೆಯಿಂದ ಸುಮಾರು 40 ಡಿಗ್ರಿ ದಕ್ಷಿಣಕ್ಕಿದೆ. ಅದನ್ನು ಗುರು ಅಂದುಕೊಳ್ಳೋರು ಬಹಳ ಜನ.

ಇನ್ನು ಒಂದೊಂದರ ಗುಣ. ಶುಕ್ರ ಎಲ್ಲಕ್ಕಿಂತ ಜಾಸ್ತಿ ಹೊಳಪು, ಬಣ್ಣ ಬಿಳಿ. ಅದು ಸೂರ್ಯನಿಂದ 47 ಡಿಗ್ರಿಗಿಂತ ದೂರ ಹೋಗಲ್ಲ. ಅಂದರೆ ಸಂಜೆ ಪಶ್ಚಿಮದಲ್ಲಿ ಅಥವಾ ಬೆಳಗಿನ ಜಾವ ಪೂರ್ವದಲ್ಲಿ ಮಾತ್ರ. ನಡುರಾತ್ರಿ ನೆತ್ತಿ ಮೇಲೆ ಪ್ರಕಾಶವಾಗಿ ಕಂಡದ್ದು ಶುಕ್ರ ಆಗಿರೋಕೆ ಸಾಧ್ಯವೇ ಇಲ್ಲ, ಬಹುಶಃ ಗುರು. ಗುರು ಒಂದು ರಾಶಿ ದಾಟೋಕೆ ಹೆಚ್ಚೂಕಮ್ಮಿ ಒಂದು ವರ್ಷ. ಶನಿಗೆ ಎರಡೂವರೆ ವರ್ಷ. ಮೂರು ರಾಶಿ ಸೇರಿ ಏಳೂವರೆ, ಸಾಡೇಸಾತಿ ಅಂತ ಹೆದರಿಸೋದು ಇದನ್ನೇ. ಹಾಗಾಗಿ ಹೋದ ವರ್ಷ ಶನಿ ಎಲ್ಲಿತ್ತು ಅಂತ ಗೊತ್ತಿದ್ದರೆ ಈ ವರ್ಷ ಹುಡುಕೋ ಕಷ್ಟ ಇಲ್ಲ. ಅದರ ಬಣ್ಣ ಮಾಸಲು ಹಳದಿ.

ಮೋಸ ಮಾಡೋದು ಮಂಗಳ. ಕೆಲವೊಮ್ಮೆ ಗುರುವನ್ನೇ ಮೀರಿಸುತ್ತದೆ, ಕೆಲವೊಮ್ಮೆ ಸಾಧಾರಣ ನಕ್ಷತ್ರದ ಹಾಗೆ ಮಂಕಾಗಿ ಕೂತಿರುತ್ತದೆ. ಜ್ಯೇಷ್ಠೆಯ ಪಕ್ಕ ಬಂದರಂತೂ ಎರಡೂ ಕೆಂಪು. ಅಂಟಾರಿಸ್ ಅನ್ನೋ ಹೆಸರಿಗೇ ಮಂಗಳದ ಎದುರಾಳಿ ಅಂತ ಅರ್ಥ. ಇನ್ನು ನಮ್ಮೂರಲ್ಲಿ ಮೂರನೇ ಎದುರಾಳಿ ಇದೆ: ಜೋಗಿಮಟ್ಟಿ ಸಾಲಿನ ಗಾಳಿ ಫ್ಯಾನಿನ ಕೆಂಪು ದೀಪ. ಒಬ್ಬ ಹುಡುಗ ಹದಿನೈದು ನಿಮಿಷ ಅದನ್ನೇ ಮಂಗಳ ಅಂತ ಅಳೆದು ಬರೆದುಕೊಂಡಿದ್ದ. ಏನು ಸಾರ್, ಇದು ಮೇಲೇರಲೇ ಇಲ್ಲ ಅಂದ!

ಪಂಚಾಂಗ ನೋಡಿ ಗ್ರಹ ಹುಡುಕಬಹುದಾ?

ಖಂಡಿತ. ನಮ್ಮ ಪಂಚಾಂಗದ ರಾಶಿಗಳು ನಿರಯಣ, ಅಂದರೆ ನಕ್ಷತ್ರಗಳಿಗೆ ಕಟ್ಟಿದ ಲೆಕ್ಕ. ಗುರು ಸಿಂಹದಲ್ಲಿದ್ದಾನೆ ಅಂದರೆ ಮಘೆ, ಹುಬ್ಬೆ ಇರೋ ಕಡೆ ನೋಡಿದರೆ ಹೆಚ್ಚೂಕಮ್ಮಿ ಸಿಗುತ್ತಾನೆ. ಪಾಶ್ಚಾತ್ಯರ ಜ್ಯೋತಿಷ್ಯದ ರಾಶಿ ನೋಡಿದರೆ ಸುಮಾರು 24 ಡಿಗ್ರಿ ಆಚೀಚೆ ಆಗುತ್ತದೆ. ಗುರುತು ಹಿಡಿಯೋಕೆ ಪಂಚಾಂಗ ಸಾಕು. ಲೆಕ್ಕಕ್ಕೆ ಅಲ್ಮನಾಕ್ ಬೇಕು, ಅದರಲ್ಲಿ ಪ್ರತಿ ಗಂಟೆಯ ಸ್ಥಾನ ಇರುತ್ತದೆ.

ಧ್ರುವ ನಕ್ಷತ್ರ ನಮ್ಮೂರಲ್ಲಿ ಯಾಕೆ ಅಷ್ಟು ಕೆಳಗೆ?

ನೀವು ಭೂಮಧ್ಯರೇಖೆಗೆ ಹತ್ತಿರ ಇದ್ದೀರಿ, ಅದಕ್ಕೆ. ಧ್ರುವದ ಎತ್ತರವೇ ನಿಮ್ಮ ಅಕ್ಷಾಂಶ. ಚಿತ್ರದುರ್ಗ 14 ಡಿಗ್ರಿ 14 ಮಿನಿಟು ಉತ್ತರದಲ್ಲಿದೆ, ಹಾಗಾಗಿ ಧ್ರುವ ದಿಗಂತದಿಂದ 14 ಡಿಗ್ರಿಯಷ್ಟೇ ಮೇಲೆ. ಕೈ ಮುಂದೆ ಚಾಚಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ. ಒಂದು ಮುಷ್ಟಿ, ಅದರ ಮೇಲೆ ಎರಡು ಮೂರು ಬೆರಳು. ತೆಂಗಿನ ಮರ, ಪಕ್ಕದ ಮನೆಯ ನೀರಿನ ಟ್ಯಾಂಕ್, ಯಾವುದು ಬೇಕಾದರೂ ಅದನ್ನು ಮರೆ ಮಾಡುತ್ತದೆ. ಅದು ಎಲ್ಲಕ್ಕಿಂತ ಹೊಳೆಯೋ ನಕ್ಷತ್ರವೂ ಅಲ್ಲ, ಸುಮಾರಾಗಿ ಹೊಳೆಯುತ್ತದೆ. ಎಷ್ಟೋ ಜನ ಇದೇನಾ ಅಂತ ನಿರಾಸೆಪಡುತ್ತಾರೆ.

ಒಂದು ದಿನ ತಾರಸಿ ಮೇಲೆ ಐದು ಮಕ್ಕಳ ಕೈಗೆ ಜಾಮಿಟ್ರಿ ಬಾಕ್ಸಿನ ಕೋನಮಾಪಕ ಕೊಟ್ಟೆ. ಅದರ ಚಪ್ಪಟೆ ಅಂಚಿಗೆ ಎಳನೀರು ಕುಡಿಯೋ ಸ್ಟ್ರಾ ಅಂಟಿಸಿ, ನಡುವಿನ ತೂತಿನಿಂದ ದಾರ ಇಳಿಬಿಟ್ಟು, ತುದಿಗೆ ಒಂದು ನಟ್ಟು ಕಟ್ಟಿದ್ದೆವು. ಸ್ಟ್ರಾ ಒಳಗಿಂದ ಧ್ರುವ ನೋಡಬೇಕು, ಇನ್ನೊಬ್ಬರು ದಾರ ಎಲ್ಲಿ ನಿಂತಿದೆ ಓದಬೇಕು, ಅದನ್ನು 90ರಿಂದ ಕಳೆಯಬೇಕು. ಬಂದದ್ದು 13, 15, 14, 16, ಒಂದು ಹುಡುಗಿಯದು 14.5. ಸರಾಸರಿ ಹದಿನಾಲ್ಕೂವರೆ. ನೂರು ರೂಪಾಯಿ ಖರ್ಚಿಲ್ಲದೆ ಭೂಮಿ ಮೇಲೆ ನಾವೆಲ್ಲಿದ್ದೇವೆ ಅಂತ ಸುಮಾರು ಮೂವತ್ತು ಕಿಲೋಮೀಟರ್ ತಪ್ಪಿನಲ್ಲಿ ಸಿಕ್ಕಿತು. ದಾವಣಗೆರೆಗೂ ನಮಗೂ ಅಕ್ಷಾಂಶದಲ್ಲಿ ಕಾಲು ಡಿಗ್ರಿಯೂ ವ್ಯತ್ಯಾಸ ಇಲ್ಲ, ಹಾಗಾಗಿ ಈ ಸಾಮಾನಿನಲ್ಲಿ ದುರ್ಗ ಯಾವುದು, ದಾವಣಗೆರೆ ಯಾವುದು ಹೇಳೋಕಾಗಲ್ಲ. ಸೆಕ್ಸ್ಟಂಟ್, ಅಂದರೆ ಹಡಗಿನಲ್ಲಿ ನಕ್ಷತ್ರದ ಎತ್ತರದ ಕೋನ ಅಳೆಯೋ ಸಾಧನ, ಅದರಲ್ಲಿ ಹೇಳಬಹುದು. ಒಂದು ಡಿಗ್ರಿಗೆ 60 ಮಿನಿಟು, ಒಂದು ಮಿನಿಟು ಅಂದರೆ ಒಂದು ನಾಟಿಕಲ್ ಮೈಲಿ, 1852 ಮೀಟರ್.

ಒಂದು ಎಚ್ಚರಿಕೆ. ಧ್ರುವ ಸರಿಯಾಗಿ ಉತ್ತರ ಧ್ರುವದ ನೇರಕ್ಕೆ ಇಲ್ಲ, 0.6 ಡಿಗ್ರಿಯಷ್ಟು ಪಕ್ಕಕ್ಕಿದೆ. ಅದೂ ಚಿಕ್ಕ ಸುತ್ತು ಹೊಡೆಯುತ್ತದೆ. ಆ ತಿದ್ದುಪಡಿ ಮಾಡದಿದ್ದರೆ ಮೂವತ್ತೆಂಟು ಮೈಲಿವರೆಗೆ ತಪ್ಪಬಹುದು.

ಧ್ರುವ ಒಂದೇ ಇಟ್ಟುಕೊಂಡು ನಿಜವಾಗಿ ದಾರಿ ಹಿಡಿಯಬಹುದಾ?

ಹಿಡಿದಿದ್ದಾರೆ. ಅರಬ್ಬಿ ನಾವಿಕರ ಕೈಯಲ್ಲಿ ‘ಕಮಾಲ್’ ಅಂತ ಒಂದು ಸಣ್ಣ ಹಲಗೆ ಇರುತ್ತಿತ್ತು, ನಡುವಿನಿಂದ ಗಂಟು ಹಾಕಿದ ದಾರ. ಹಲಗೆಯ ಕೆಳ ಅಂಚು ದಿಗಂತಕ್ಕೆ, ಮೇಲಂಚು ಧ್ರುವಕ್ಕೆ ತಾಗುವ ಹಾಗೆ ಹಿಡಿದು ದಾರವನ್ನು ಹಲ್ಲಿನಲ್ಲಿ ಕಚ್ಚೋದು. ಒಂದೊಂದು ಬಂದರಿಗೆ ಒಂದೊಂದು ಗಂಟು. ಬೇಕಾದ ಗಂಟು ಹಲ್ಲಿಗೆ ಬರೋವರೆಗೆ ಉತ್ತರಕ್ಕೋ ದಕ್ಷಿಣಕ್ಕೋ ಸಾಗಿ, ಆಮೇಲೆ ನೇರ ಪೂರ್ವಕ್ಕೆ ತಿರುಗಿಸಿದರೆ ಊರು ಸಿಗಲೇಬೇಕು.

ನಮ್ಮ ಲೆಕ್ಕದಲ್ಲಿ ಹೇಳೋದಾದರೆ, ದುರ್ಗದಿಂದ ಧ್ರುವದ ಎತ್ತರ ಬದಲಾಗದ ಹಾಗೆ ಪಶ್ಚಿಮಕ್ಕೆ ನಡೆಯುತ್ತಾ ಹೋದರೆ ಸಮುದ್ರ ಸಿಗೋದು ಹೊನ್ನಾವರದ ಹತ್ತಿರ. ಹೊನ್ನಾವರದ ಅಕ್ಷಾಂಶವೂ ನಮ್ಮದೂ ಬರೀ ಎರಡು ಮೂರು ಮಿನಿಟು ವ್ಯತ್ಯಾಸ. ನಡುವೆ ಘಟ್ಟ ಇದೆ, ನಡೆಯಲು ಹೋಗಬೇಡಿ.

ಸಪ್ತರ್ಷಿ ಮಂಡಲ ಕಾಣದ ದಿನ ಧ್ರುವ ಹುಡುಕೋದು ಹೇಗೆ?

ಪುಸ್ತಕಗಳಲ್ಲಿ ಸಪ್ತರ್ಷಿ ಮಂಡಲ ಯಾವಾಗಲೂ ಕಾಣುತ್ತದೆ ಅಂತ ಬರೆದಿರುತ್ತಾರೆ. ಅದು ಯುರೋಪಿನವರ ಮಾತು. ನಮಗೆ ಅದು ಮುಳುಗುತ್ತದೆ. ಅಕ್ಟೋಬರ್, ನವೆಂಬರ್ ಸಂಜೆ ಹುಡುಕಿದರೆ ಸಿಗಲ್ಲ. ಆಗ ಉತ್ತರದಲ್ಲಿ ಶರ್ಮಿಷ್ಠಾ ಇರುತ್ತಾಳೆ, ಐದು ನಕ್ಷತ್ರದ ಅಂಕುಡೊಂಕು ಗೆರೆ. ಅದರ ನಡುವಿನ ನಕ್ಷತ್ರದಿಂದ ಕೆಳಗೆ ಧ್ರುವಕ್ಕೆ ಮೂರು ಮುಷ್ಟಿ.

ಫೆಬ್ರವರಿಯಿಂದ ಸಪ್ತರ್ಷಿಗಳ ಕಾಲ. ಬಾಲಕ್ಕೆ ಎದುರು ತುದಿಯ ಕ್ರತು, ಪುಲಹ ಎರಡನ್ನೂ ಸೇರಿಸಿ ಪುಲಹದಿಂದ ಕ್ರತು ಕಡೆಗೆ ಗೆರೆ ಎಳೆದು, ಅವುಗಳ ನಡುವಿನ ದೂರದ ಐದರಷ್ಟು ಹೋದರೆ ಧ್ರುವ. ಬಾಲದ ಬಾಗನ್ನು ಹಾಗೇ ಮುಂದುವರಿಸಿದರೆ ಸ್ವಾತಿ, ಇನ್ನೂ ಮುಂದೆ ಚಿತ್ತೆ. ಬಾಲದ ನಡುವೆ ವಸಿಷ್ಠ, ಪಕ್ಕದಲ್ಲಿ ಮಂಕಾಗಿ ಅರುಂಧತಿ. ಮದುವೆಯಲ್ಲಿ ಹಗಲು ಹನ್ನೊಂದು ಗಂಟೆಗೆ ಶಾಮಿಯಾನದ ತೂತಿನಿಂದ ತೋರಿಸೋದು ಇದನ್ನೇ. ರಾತ್ರಿ ನಿಜವಾಗಿ ನೋಡಿದ ಗಂಡ ಹೆಂಡತಿ ಎಷ್ಟು ಜನ ಇದ್ದಾರೋ.

ನಮ್ಮೂರಿನದೇ ಅನ್ನೋ ನಕ್ಷತ್ರ ಯಾವುದಾದರೂ ಇದೆಯಾ?

ಇದೆ! ದಾವಣಗೆರೆಯವರಿಗೆ ಇದನ್ನು ಹೇಳಿದಾಗ ಮುಖ ಅರಳೋದು ನೋಡಬೇಕು.

ಪ್ರತಿ ನಕ್ಷತ್ರ ಭೂಮಿಯ ಒಂದು ಅಕ್ಷಾಂಶದ ನೆತ್ತಿ ಮೇಲೆ ಹಾದುಹೋಗುತ್ತದೆ. ಉತ್ತರೆ, ಅಂದರೆ ಡೆನೆಬೋಲಾ, ಈಗ ಇರೋದು 14 ಡಿಗ್ರಿ 26 ಮಿನಿಟು ಉತ್ತರದಲ್ಲಿ. ದಾವಣಗೆರೆಯ ಅಕ್ಷಾಂಶ 14 ಡಿಗ್ರಿ 28 ಮಿನಿಟು. ಎರಡು ಮಿನಿಟು ವ್ಯತ್ಯಾಸ, ಅಂದರೆ ನೆಲದ ಮೇಲೆ ನಾಲ್ಕು ಕಿಲೋಮೀಟರ್. ಊರ ಒಳಗೇ ಲೆಕ್ಕ! ಮೇ ಮೊದಲ ವಾರ ರಾತ್ರಿ ಒಂಬತ್ತೂವರೆ ಸುಮಾರಿಗೆ ಕುಂದವಾಡ ಕೆರೆ ಏರಿ ಮೇಲೆ ಅಂಗಾತ ಮಲಗಿ. ಸಿಂಹದ ಬಾಲದ ತುದಿಯ ಆ ಬಿಳಿ ನಕ್ಷತ್ರ ನಿಮ್ಮ ಮೂಗಿನ ನೇರಕ್ಕೆ ಇರುತ್ತದೆ. ದುರ್ಗದಲ್ಲಿ ನೋಡಿದರೆ ಕೂದಲೆಳೆಯಷ್ಟು ಉತ್ತರಕ್ಕೆ, ಕಣ್ಣಿಗೆ ಗೊತ್ತಾಗಲ್ಲ.

ಶಾಂತ ಸಾಗರದ ದ್ವೀಪಗಳ ನಾವಿಕರು ಹೀಗೇ ಮಾಡುತ್ತಿದ್ದರು. ಯಾವ ದ್ವೀಪದ ನೆತ್ತಿ ಮೇಲೆ ಯಾವ ನಕ್ಷತ್ರ ಅಂತ ನೆನಪಿಟ್ಟುಕೊಳ್ಳೋದು, ಅದು ತಲೆ ಮೇಲೆ ಬಂತು ಅಂದರೆ ದ್ವೀಪದ ಸಾಲಿಗೆ ಬಂದೆವು ಅಂತ. ದಾವಣಗೆರೆ ಒಂದು ದ್ವೀಪವಾಗಿದ್ದರೆ ಅದರ ಗುರುತು ಉತ್ತರೆ.

ಹೊಳಪು ನೋಡಿ ಗುರುತಿಸಿದರೆ ಸಾಲದಾ?

ಬೆಳ್ಳಗಿರೋದೆಲ್ಲ ಹಾಲಲ್ಲ. ನಕ್ಷತ್ರವನ್ನು ಅದರ ಅಕ್ಕಪಕ್ಕದವರಿಂದ ಗುರುತಿಸಬೇಕು. ಮದುವೆ ಮನೆಯಲ್ಲಿ ಮುಖ ಮರೆತ ನೆಂಟರನ್ನು ಹೇಗೆ ಗುರುತಿಸುತ್ತೀರಿ? ಯಾರ ಪಕ್ಕ ಕೂತಿದ್ದಾರೆ ಅಂತ ನೋಡಿ ತಾನೇ.

ನಾನು ಇದನ್ನು ಕಲಿತದ್ದು ಮಾನ ಕಳೆದುಕೊಂಡು. ಆಗ ಹೊಸಬ. ಅರಬ್ಬಿ ಸಮುದ್ರ, ಸಂಜೆ, ಮುಕ್ಕಾಲು ಆಕಾಶ ಮೋಡ. ಮೂರು ನಕ್ಷತ್ರ ಅಳೆದಾಗಿತ್ತು. ನಾಲ್ಕನೆಯದು ಮೋಡದ ಸಂದಿನಲ್ಲಿ ಒಂಟಿಯಾಗಿ ಇಣುಕಿತು. ಪುನರ್ವಸು ಇರಬೇಕಾದ ಕಡೆ ಇದೆ, ಪೊಲಕ್ಸ್ ಅಂತ ಬರೆದುಕೊಂಡೆ. ಅಳೆದ ಒಂದೊಂದು ನಕ್ಷತ್ರಕ್ಕೆ ಚಾರ್ಟ್ ಮೇಲೆ ಒಂದೊಂದು ಗೆರೆ ಬರುತ್ತದೆ, ಗೆರೆಗಳು ಕೂಡಿದ ಕಡೆ ಹಡಗು. ಮೂರು ಗೆರೆ ಒಂದೇ ಕಡೆ ಕೂಡಿದವು. ನಾಲ್ಕನೆಯದು ಇನ್ನೂರು ಮೈಲಿಗೂ ಜಾಸ್ತಿ ಆಚೆ ಬಿತ್ತು. ದುರ್ಗದಲ್ಲಿ ನಿಂತವನು ಹೈದರಾಬಾದಲ್ಲಿದ್ದೇನೆ ಅಂದ ಹಾಗೆ. ನಾನು ಅಳೆದದ್ದು ಪೊಲಕ್ಸ್ ಅಲ್ಲ, ನಾಲ್ಕೂವರೆ ಡಿಗ್ರಿ ದೂರದ ಅದರ ಜೋಡಿ ಕ್ಯಾಸ್ಟರ್. ಚೀಫ್ ಆಫೀಸರ್ ಬೈಯಲಿಲ್ಲ. ಡ್ರಾಯರ್ ತೆಗೆದು ರಬ್ಬರು ಕೈಗಿಟ್ಟು ಚಹಾ ಕುಡಿಯೋಕೆ ಹೋದರು. ಬೈದಿದ್ದರೆ ವಾಸಿಯಿತ್ತು.

ಆಮೇಲೆ ನಾನೇ ಮಾಡಿಕೊಂಡ ಸೂತ್ರ: ಕ ಕಡೆ ಕ, ಪ ಕಡೆ ಪ. ಕ್ಯಾಸ್ಟರ್ ಇರೋದು ಕ್ಯಾಪೆಲಾ ಕಡೆ, ಪೊಲಕ್ಸ್ ಇರೋದು ಪ್ರೊಸಿಯಾನ್ ಅನ್ನೋ ಇನ್ನೊಂದು ಹೊಳೆಯೋ ನಕ್ಷತ್ರದ ಕಡೆ. ಪೊಲಕ್ಸ್ ಸ್ವಲ್ಪ ಜಾಸ್ತಿ ಹೊಳಪು, ಬಣ್ಣ ಹಳದಿ. ಆದರೆ ಅಕ್ಕಪಕ್ಕ ಯಾರೂ ಕಾಣದಿದ್ದರೆ ಯಾವ ಸೂತ್ರವೂ ಉಪಯೋಗಕ್ಕೆ ಬರಲ್ಲ. ಅಂಥ ನಕ್ಷತ್ರ ಅಳೆದರೆ ‘ಗೊತ್ತಿಲ್ಲ’ ಅಂತ ಬರೆದು, ಎತ್ತರ, ದಿಕ್ಕು, ಸಮಯ ಹಾಕಿಡಿ. ಸ್ಟಾರ್ ಫೈಂಡರ್ ಅನ್ನೋ ನಕ್ಷತ್ರ ನಕ್ಷೆಯ ತಟ್ಟೆ ತಿರುಗಿಸಿ ಆಮೇಲೆ ನಿಧಾನವಾಗಿ ಹೆಸರು ಕಂಡುಹಿಡಿಯಬಹುದು.

ದಕ್ಷಿಣದ ಕಡೆ ಏನೇನು ನೋಡಬಹುದು?

ಇಲ್ಲಿ ನಮಗೆ ಉತ್ತರದವರಿಗಿಂತ ಅದೃಷ್ಟ. ಲುಬ್ಧಕದಿಂದ ದಕ್ಷಿಣಕ್ಕೆ ಮೂರೂವರೆ ಮುಷ್ಟಿ ಇಳಿದರೆ ಅಗಸ್ತ್ಯ, ಹೊಳಪಿನಲ್ಲಿ ಎರಡನೇ ನಕ್ಷತ್ರ. ನಮಗೆ 23 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ, ದೆಹಲಿಯವರಿಗೆ ಒಂಬತ್ತೂ ದಾಟಲ್ಲ, ಲಂಡನ್ನಿನವರಿಗೆ ಕಾಣೋದೇ ಇಲ್ಲ. ಮೇ ತಿಂಗಳ ಸಂಜೆ ದಕ್ಷಿಣದಲ್ಲಿ ತ್ರಿಶಂಕು ನಕ್ಷತ್ರಪುಂಜ ನಿಲ್ಲುತ್ತದೆ, ಬರೀ 13ರಿಂದ 19 ಡಿಗ್ರಿ ಎತ್ತರದಲ್ಲಿ. ದುರ್ಗದಲ್ಲಿ ಎದುರಿಗೊಂದು ಬಂಡೆ ಇದ್ದರೆ ಮುಗಿಯಿತು.

ವೃಶ್ಚಿಕ ಹೇಳಿಕೊಡಬೇಕಾ? ಕಲ್ಲೆತ್ತಿದರೆ ಚೇಳು ಸಿಗೋ ಊರಿನವರು ನಾವು. ಕೊಂಡಿ ಸಮೇತ ಹಾಗೇ ಇದೆ, ಎದೆಯಲ್ಲಿ ಕೆಂಪಗೆ ಜ್ಯೇಷ್ಠೆ.

ಅಳೆಯೋಕೆ ಸರಿಯಾದ ಹೊತ್ತು ಯಾವುದು?

ಮುಸ್ಸಂಜೆ ಮತ್ತು ಮುಂಜಾವು. ಸೆಕ್ಸ್ಟಂಟ್‌ಗೆ ನಕ್ಷತ್ರವೂ ಕಾಣಬೇಕು, ಸಮುದ್ರದ ಅಂಚಿನ ಗೆರೆಯೂ ಕಾಣಬೇಕು. ಬೆಳಕು ಜಾಸ್ತಿ ಇದ್ದರೆ ನಕ್ಷತ್ರ ಇಲ್ಲ, ಕತ್ತಲು ಜಾಸ್ತಿ ಆದರೆ ಗೆರೆ ಇಲ್ಲ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ನೆಟ್ಟಗೆ ಇಳಿಯುತ್ತಾನೆ, ಕತ್ತಲು ಬೇಗ ಕವಿಯುತ್ತದೆ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷದಿಂದ ಮುಕ್ಕಾಲು ಗಂಟೆಯೊಳಗೆ ಕೆಲಸ ಮುಗಿಸಬೇಕು. ಆ ಹೊತ್ತಿಗೆ ನಕ್ಷತ್ರಪುಂಜಗಳ ಆಕಾರ ಇನ್ನೂ ಮೂಡಿರಲ್ಲ, ಅಲ್ಲೊಂದು ಇಲ್ಲೊಂದು ಚುಕ್ಕಿ ಅಷ್ಟೆ. ಅದಕ್ಕೇ ಮಧ್ಯಾಹ್ನವೇ ಕೂತು ಯಾವ ನಕ್ಷತ್ರ ಯಾವ ದಿಕ್ಕಿಗೆ, ಎಷ್ಟು ಎತ್ತರಕ್ಕೆ ಬರುತ್ತದೆ ಅಂತ ಪಟ್ಟಿ ಮಾಡಿಕೊಳ್ಳೋದು. ಶುಕ್ರನಿಗೆ ಮಾತ್ರ ವಿನಾಯಿತಿ. ಜಾಗ ಗೊತ್ತಿದ್ದರೆ ಹಗಲಲ್ಲೇ ಅಳೆಯಬಹುದು.

ಸಮುದ್ರದ ಗೆರೆ ಇಲ್ಲದೆ ಇಲ್ಲಿ ಸೆಕ್ಸ್ಟಂಟ್ ಹೇಗೆ ಬಳಸೋದು?

ಅಗಲವಾದ ತಟ್ಟೆಗೆ ಗ್ಯಾರೇಜಿನಿಂದ ತಂದ ಕರಿ ಇಂಜಿನ್ ಆಯಿಲ್ ಸುರಿಯಿರಿ. ಗಾಳಿ ತಾಗದ ಹಾಗೆ ಮರೆ ಮಾಡಿ. ಎಣ್ಣೆಯಲ್ಲಿ ನಕ್ಷತ್ರದ ಪ್ರತಿಬಿಂಬ ಕಾಣುತ್ತದೆ. ಮೇಲಿನ ನಕ್ಷತ್ರವನ್ನು ಸೆಕ್ಸ್ಟಂಟ್‌ನಲ್ಲಿ ಇಳಿಸಿ ಪ್ರತಿಬಿಂಬದ ಮೇಲೆ ಕೂರಿಸಿ. ಬಂದ ಕೋನವನ್ನು ಅರ್ಧ ಮಾಡಿದರೆ ಎತ್ತರ. ಸೆಕ್ಸ್ಟಂಟ್ ಸುಮಾರು 120 ಡಿಗ್ರಿವರೆಗೆ ಅಳೆಯುತ್ತದೆ, ಹಾಗಾಗಿ 60 ಡಿಗ್ರಿಗಿಂತ ಮೇಲಿನ ನಕ್ಷತ್ರ ಈ ವಿಧಾನಕ್ಕೆ ಸಿಗಲ್ಲ. ಎಣ್ಣೆ ತಟ್ಟೆಯನ್ನು ತಾರಸಿಯಲ್ಲೇ ಮರೆತು ಹೋಗಬೇಡಿ. ನಮ್ಮ ಮನೆಯವರು ಬೆಳಿಗ್ಗೆ ಅದರೊಳಗೆ ಕಾಲಿಟ್ಟ ಮೇಲೆ ಒಂದು ತಿಂಗಳು ತಾರಸಿ ಬಂದ್ ಆಗಿತ್ತು.

ಗಡಿಯಾರ ಎಷ್ಟು ಸರಿ ಇರಬೇಕು?

ಸೆಕೆಂಡು ಸರಿ ಇರಬೇಕು. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ನಾಲ್ಕು ಸೆಕೆಂಡಿಗೆ ಕೋನದ ಒಂದು ಮಿನಿಟು. ಗಡಿಯಾರ ಒಂದು ನಿಮಿಷ ತಪ್ಪಿದ್ದರೆ ನಮ್ಮ ಅಕ್ಷಾಂಶದಲ್ಲಿ ರೇಖಾಂಶ 27 ಕಿಲೋಮೀಟರ್ ತಪ್ಪುತ್ತದೆ.

ನಮ್ಮ ಕೈಗಡಿಯಾರದ ಸಮಯ ದುರ್ಗದ್ದಲ್ಲ ಅನ್ನೋದೂ ನೆನಪಿರಲಿ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ನಾವಿರೋದು 76.4ರಲ್ಲಿ. ನಮ್ಮ ಮಧ್ಯಾಹ್ನ ಸರಾಸರಿ 12 ಗಂಟೆ 24 ನಿಮಿಷಕ್ಕೆ. ಇನ್ನೊಂದು: ನಕ್ಷತ್ರ ಪ್ರತಿದಿನ ಸುಮಾರು ನಾಲ್ಕು ನಿಮಿಷ ಮುಂಚೆ ಹುಟ್ಟುತ್ತದೆ. ತಿಂಗಳಿಗೆ ಎರಡು ಗಂಟೆ.

ಮೊಬೈಲ್ ಆಪ್ ಬಳಸಬಹುದಾ?

ಕಲಿಯೋಕೆ ಬಳಸಿ. ಸ್ಟೆಲೇರಿಯಂ ಚೆನ್ನಾಗಿದೆ. ಆದರೆ ಮೊದಲು ನೀವು ಹೆಸರು ಹೇಳಿ, ಆಮೇಲೆ ಫೋನ್ ಎತ್ತಿ. ತಾರಸಿಯ ಕಬ್ಬಿಣದ ಕಂಬಿ ಪಕ್ಕ ನಿಂತರೆ ಫೋನಿನ ದಿಕ್ಸೂಚಿ ಹುಚ್ಚುಹುಚ್ಚಾಗಿ ತಿರುಗುತ್ತದೆ, ಅದೂ ಗೊತ್ತಿರಲಿ.

ಎಲ್ಲಿ ಹೋಗಿ ನೋಡಿದರೆ ಒಳ್ಳೆಯದು?

ಊರಿನ ಎಲ್ಇಡಿ ದೀಪ ಬಿಟ್ಟು ಆಚೆ. ದಾವಣಗೆರೆಯವರು ಮಂಡಕ್ಕಿ ಭಟ್ಟಿಗಳ ಹೊಗೆಯಿಂದಲೂ ದೂರ ಹೋಗಬೇಕು. ಸೂಳೆಕೆರೆ ಏರಿ ಒಳ್ಳೆಯದು, ಹಿರಿಯೂರು ಕಡೆಯವರಿಗೆ ವಾಣಿವಿಲಾಸ ಸಾಗರದ ಸುತ್ತಮುತ್ತ. ಚಳ್ಳಕೆರೆ ಕಡೆಯ ಬಯಲು ಎಲ್ಲಕ್ಕಿಂತ ವಾಸಿ, ನಾಲ್ಕೂ ದಿಕ್ಕು ತೆರೆದಿರುತ್ತದೆ.

ಒಂದೇ ರಾತ್ರಿಯಲ್ಲಿ ಎಲ್ಲ ಕಲಿಯೋಕಾಗುತ್ತಾ?

ಎಲ್ಲ ಆಗಲ್ಲ, ಬಹಳಷ್ಟು ಆಗುತ್ತದೆ. ಅದಕ್ಕೆ ಶಿವರಾತ್ರಿಗಿಂತ ಒಳ್ಳೆ ರಾತ್ರಿ ಇಲ್ಲ. ಮಾರನೇ ದಿನವೋ ಅದರ ಮಾರನೇ ದಿನವೋ ಅಮಾವಾಸ್ಯೆ, ಚಂದ್ರನ ಕಾಟ ಇಲ್ಲ. ಜಾಗರಣೆ ಹೇಗೂ ಮಾಡಬೇಕು.

ಏಳೂವರೆಗೆ ಶುರು ಮಾಡಿ. ನೆತ್ತಿ ಹತ್ತಿರ ಸಾಲಾಗಿ ಮೂರು ಚುಕ್ಕಿ, ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನಡುಪಟ್ಟಿ. ಅದರ ಗೆರೆ ಒಂದು ಕಡೆ ಎರಡು ಮುಷ್ಟಿ ಎಳೆದರೆ ಲುಬ್ಧಕ, ಇನ್ನೊಂದು ಕಡೆ ಎಳೆದರೆ ರೋಹಿಣಿ, ಅದರಾಚೆ ಗೊಂಚಲಾಗಿ ಕೃತ್ತಿಕೆ. ದಕ್ಷಿಣಕ್ಕೆ ಅಗಸ್ತ್ಯ, ಉತ್ತರಕ್ಕೆ ಬ್ರಹ್ಮಹೃದಯ. ಊಟ ಇಲ್ಲದಿದ್ದರೆ ಹಣ್ಣು ತಿಂದು ಬನ್ನಿ. ನಡುರಾತ್ರಿಗೆ ಮಘೆ ನೆತ್ತಿ ಮೇಲೆ, ಸಪ್ತರ್ಷಿಗಳು ಉತ್ತರದಲ್ಲಿ ಎತ್ತರಕ್ಕೆ. ಮೂರೂವರೆಗೆ ಚಿತ್ತೆ ದಕ್ಷಿಣದಲ್ಲಿ ನಟ್ಟನಡುವೆ, ಸ್ವಾತಿ ಮೇಲೆ, ತ್ರಿಶಂಕು ಕೆಳಗೆ. ಐದೂವರೆ ಹೊತ್ತಿಗೆ ಚೇಳು ಪೂರ್ತಿ ಮೇಲೆ ಬಂದಿರುತ್ತದೆ, ಈಶಾನ್ಯದಲ್ಲಿ ಅಭಿಜಿತ್, ಪೂರ್ವದಲ್ಲಿ ಶ್ರವಣ.

ಕಂಬಳಿ ತನ್ನಿ. ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿ, ಇಲ್ಲದಿದ್ದರೆ ಒಂದು ಸಲ ಹೊತ್ತಿಸಿದರೆ ಕಣ್ಣು ಮತ್ತೆ ಕತ್ತಲಿಗೆ ಒಗ್ಗೋಕೆ ಅರ್ಧ ಗಂಟೆ. ಕೋನಮಾಪಕ, ದಾರ, ನಟ್ಟು ನಮ್ಮ ಮನೆಯಲ್ಲಿದೆ. ಸ್ಟ್ರಾ ನೀವೇ ತನ್ನಿ, ಹೋದಸಲದ್ದನ್ನೆಲ್ಲ ಮಕ್ಕಳು ಮಜ್ಜಿಗೆಗೆ ಹಾಕಿಕೊಂಡು ಕುಡಿದು ಹಾಳು ಮಾಡಿದ್ದಾರೆ.